ಪಂಚನದಗಳ ನಾಡಿನ ಢೋಲು

ಮದುವೆಯ ಮೆರವಣಿಗೆಯೊಂದು ಬೀದಿಯಲ್ಲಿ ಸಾಗುತ್ತಿದೆ. ಬ್ಯಾಂಡಿನವರು ನಾಲ್ಕಾರು ಸಿನಿಮಾ ಹಾಡುಗಳನ್ನು ಬಾರಿಸಿ ದಣಿದಿದ್ದಾರೆ. ಅಷ್ಟರಲ್ಲಿ ಒಬ್ಬನು ಢೋಲನ್ನು ಕೊರಳಿಗೆ ಏರಿಸಿಕೊಂಡು ಎರಡು ಪೆಟ್ಟು ಹಾಕುತ್ತಾನೆ. ಅದುವರೆಗೆ ಗಂಭೀರವಾಗಿ ನಡೆಯುತ್ತಿದ್ದ ಹಿರಿಯರ ಭುಜಗಳು ಕೂಡ ತಾವಾಗಿಯೇ ಕುಣಿಯತೊಡಗುತ್ತವೆ. ಕೈಗಳು ಆಕಾಶದತ್ತ ಏಳುತ್ತವೆ. ಪಂಜಾಬಿಯ ಒಂದಕ್ಷರ ಅರಿಯದವನಿಗೂ ಇದು ಭಾಂಗ್ರಾ ಎಂಬುದು ಗೊತ್ತು. ಬೆಂಗಳೂರಿನ ಕಲ್ಯಾಣಮಂಟಪದಿಂದ ಲಂಡನ್ನಿನ ಸಭಾಂಗಣದವರೆಗೆ ಈ ತಾಳವು ಇಂದು ಹರ್ಷದ ಇನ್ನೊಂದು ಹೆಸರೇ ಆಗಿಬಿಟ್ಟಿದೆ.

ಆದರೆ ಈ ಹರ್ಷವು ದಾಟಿಬಂದ ದಾರಿ ಎಂತಹುದೆಂಬುದನ್ನು ಬಲ್ಲವರು ಕಡಮೆ. ಈ ಕುಣಿತವು ಒಂದು ಕಾಲಕ್ಕೆ ತನ್ನ ಹುಟ್ಟೂರನ್ನೇ ಕಳೆದುಕೊಂಡಿತ್ತು. ಅದನ್ನು ಬಾರಿಸುವ ಕೈಗಳು ಚೆದುರಿಹೋಗಿದ್ದವು. ಅದನ್ನು ಕುಣಿಯುವ ಅಂಗಳಗಳು ಬೂದಿಯಾಗಿದ್ದವು. ಮತ್ತೆ ಅದು ತಲೆಯೆತ್ತಿದ್ದು ಕೆಲವೇ ಜನರ ಛಲದಿಂದ. ಅವರಲ್ಲಿ ಊರು ತೊರೆದು ಬಂದ ಢೋಲುಗಾರನಿದ್ದನು, ಕಾಲೇಜಿನ ತರುಣರಿದ್ದರು, ಲಾಹೋರಿನಲ್ಲಿ ಹಾಡು ಕಲಿತ ಹೆಣ್ಣುಮಗಳಿದ್ದಳು, ಒಂದು ತಂತಿಯ ವಾದ್ಯವನ್ನು ನಂಬಿದ ಬಡ ಗಾಯಕನಿದ್ದನು. ಅವರ ಕಥೆಯೇ ಭಾಂಗ್ರಾದ ಕಥೆ.

ಗೋಧಿಯ ಹೊಲದಲ್ಲಿ

ಝೀಲಂ, ಚಿನಾಬ್, ರಾವಿ, ಬಿಯಾಸ್, ಸಟ್ಲೆಜ್ - ಈ ಐದು ನದಿಗಳ ಬಯಲೇ ಪಂಜಾಬು. ಅಲ್ಲಿ ಗೋಧಿಯು ಚಳಿಗಾಲದ ಬೆಳೆ. ಏಪ್ರಿಲ್ ತಿಂಗಳ ಹೊತ್ತಿಗೆ ಪೈರು ಹೊಂಬಣ್ಣಕ್ಕೆ ತಿರುಗುತ್ತದೆ. ಆಗಲೇ ಬರುತ್ತದೆ ವೈಶಾಖಿ. ರೈತನಿಗೆ ಅದು ಸುಗ್ಗಿ; ಸಿಖ್ಖರಿಗೆ ಅದಕ್ಕಿಂತಲೂ ಹಿರಿದಾದ ದಿನ. 1699ರ ವೈಶಾಖಿಯಂದು ಗುರು ಗೋವಿಂದಸಿಂಹರು ಆನಂದಪುರದಲ್ಲಿ ಖಾಲ್ಸಾ ಪಂಥವನ್ನು ಸ್ಥಾಪಿಸಿದರು. ಅಂದು ತಲೆಯೊಪ್ಪಿಸಲು ಮುಂದೆ ಬಂದ ಐವರಲ್ಲಿ ಸಾಹಿಬ್ ಸಿಂಗ್ ಎಂಬವರು ನಮ್ಮ ಬೀದರಿನವರೆಂದು ಸಿಖ್ ಪರಂಪರೆಯು ಹೇಳುತ್ತದೆ. ದೂರದ ಪಂಜಾಬಿನ ಹಬ್ಬದಲ್ಲಿ ಕನ್ನಡ ನೆಲದ ನೆನಪೊಂದು ಹೀಗೆ ಸೇರಿಕೊಂಡಿದೆ.

ಹಳೆಯ ಭಾಂಗ್ರಾ ಇಡೀ ಪಂಜಾಬಿನ ಕುಣಿತವಾಗಿರಲಿಲ್ಲವೆಂಬುದು ಹಲವರಿಗೆ ಅಚ್ಚರಿಯಾಗಬಹುದು. ಸಿಯಾಲ್‌ಕೋಟ್, ಗುಜ್ರಾನ್‌ವಾಲಾ, ಗುಜ್ರಾತ್, ಶೇಖೂಪುರ, ಗುರುದಾಸಪುರ - ಈ ಕೆಲವು ಜಿಲ್ಲೆಗಳ ಹಳ್ಳಿಗಳಲ್ಲಿ ಮಾತ್ರ ಅದು ರೂಢಿಯಲ್ಲಿದ್ದಿತು. ಅದಕ್ಕೆ ವೇದಿಕೆ ಇರಲಿಲ್ಲ, ಬಣ್ಣದ ಸಮವಸ್ತ್ರವೂ ಇರಲಿಲ್ಲ. ವೈಶಾಖಿ ಸಮೀಪಿಸಿದಂತೆ ಊರ ಹೊರಗಿನ ಬಯಲಿನಲ್ಲಿ ಢೋಲಿನ ಸದ್ದು ಏಳುತ್ತಿತ್ತು. ಹೊಲದಿಂದ ಮರಳಿದ ಗಂಡಸರು ಒಬ್ಬೊಬ್ಬರಾಗಿ ಬಂದು ವೃತ್ತದಲ್ಲಿ ಸೇರುತ್ತಿದ್ದರು. ಹಿಂದೂ, ಮುಸಲ್ಮಾನ, ಸಿಖ್ ಎಂಬ ಭೇದವಿಲ್ಲದೆ ವೃತ್ತವು ಬೆಳೆಯುತ್ತಿತ್ತು. ನಡುವೆ ಢೋಲುಗಾರ, ಸುತ್ತಲೂ ಊರು. ಆಗಾಗ ಒಬ್ಬನು ಕುಣಿತವನ್ನು ನಿಲ್ಲಿಸಿ, ಕಿವಿಗೆ ಕೈಯಾನಿಸಿ, ಒಂದೆರಡು ಸಾಲಿನ 'ಬೋಲಿ'ಯನ್ನು ಎತ್ತರದ ದನಿಯಲ್ಲಿ ಹಾಡುವನು. ಅವನ ಹಾಡು ಮುಗಿಯುತ್ತಲೂ ಢೋಲು ಮತ್ತೆ ಗುಡುಗುವುದು.

ಈ ಢೋಲು ನಮ್ಮ ಡೊಳ್ಳಿನ ದಾಯಾದಿಯಂತೆ ಕಂಡರೂ ಅದರ ನುಡಿ ಬೇರೆ. ಮಾವಿನ ಮರದ ಕಾಂಡವನ್ನು ಕೊರೆದು, ಇಕ್ಕೆಲಗಳಿಗೂ ಚರ್ಮ ಬಿಗಿದು ಇದನ್ನು ಮಾಡುತ್ತಾರೆ. ಒಂದು ಕೈಯಲ್ಲಿ ತುದಿ ಬಾಗಿದ ದಪ್ಪನೆಯ ಕೋಲು. ಅದಕ್ಕೆ 'ಡಗ್ಗಾ' ಎಂದು ಹೆಸರು. ಇನ್ನೊಂದು ಕೈಯಲ್ಲಿ ತೆಳ್ಳನೆಯ ಬೆತ್ತದ ಕಡ್ಡಿ, ಅದು 'ತಿಲ್ಲಿ'. ಡಗ್ಗಾದ ಪೆಟ್ಟು ಕಾಲಿಗೆ, ತಿಲ್ಲಿಯ ಚಿಟಿಕೆ ಭುಜಕ್ಕೆ ಎನ್ನುವಂತೆ, ಕುಣಿಯುವವನ ಮೈಯನ್ನು ಇವೆರಡೂ ಹಂಚಿಕೊಳ್ಳುತ್ತವೆ. ಇದರೊಡನೆ ಜೋಡಿ ಕೊಳಲುಗಳನ್ನು ಒಟ್ಟಿಗೆ ಬಾಯಲ್ಲಿಟ್ಟು ಉಸಿರು ಕಡಿಯದಂತೆ ನುಡಿಸುವ 'ಅಲ್ಗೋಜಾ', ಉಂಗುರಗಳನ್ನು ಪೋಣಿಸಿದ ಕಬ್ಬಿಣದ ಇಕ್ಕಳವಾದ 'ಚಿಮ್ಟಾ' ಮುಂತಾದವು ಪಂಜಾಬಿನ ಜನಪದ ವಾದ್ಯಗಳು.

ಹೆಂಗಸರ ಅಂಗಳ

ಗಂಡಸರದು ಭಾಂಗ್ರಾ ಆದರೆ ಹೆಂಗಸರದು 'ಗಿದ್ದಾ'. ಅದಕ್ಕೆ ಢೋಲು ಬೇಕಿಲ್ಲ, ಅಂಗೈಗಳೇ ಸಾಕು. ಚಪ್ಪಾಳೆಯ ವೃತ್ತದೊಳಕ್ಕೆ ಒಬ್ಬಳು ಬಂದು ಬೋಲಿಯೊಂದನ್ನು ಎತ್ತುತ್ತಾಳೆ. ಕೊನೆಯ ಸಾಲನ್ನು ಉಳಿದವರೆಲ್ಲ ಹಿಡಿದುಕೊಂಡಾಗ ಕುಣಿತ ಆರಂಭವಾಗುತ್ತದೆ. ನಮ್ಮ ಗರತಿಯ ಹಾಡುಗಳನ್ನು ಬಲ್ಲವರಿಗೆ ಈ ಬೋಲಿಗಳ ಲೋಕ ಅಪರಿಚಿತವೆನಿಸದು. ಅತ್ತೆಯ ಕಾಟ, ತವರಿನ ಹಂಬಲ, ಅಣ್ಣನ ಬರವಿನ ನಿರೀಕ್ಷೆ, ದಂಡಿಗೆ ಹೋಗಿ ವರ್ಷಗಟ್ಟಲೆ ಬಾರದ ಗಂಡ - ಬಾಯಿಬಿಟ್ಟು ಹೇಳಲಾಗದ ಮಾತುಗಳೆಲ್ಲ ಅಲ್ಲಿ ತಾಳಕ್ಕೆ ಕಟ್ಟಿಕೊಂಡು ಹೊರಬೀಳುತ್ತವೆ. ಎದುರಿಗೆ ಆಡಿದರೆ ಜಗಳವಾಗುವ ಮಾತು ಗಿದ್ದಾದಲ್ಲಿ ನಗೆಯಾಗುತ್ತದೆ.

ಮದುವೆಯಲ್ಲಿಯೂ ಹಾಗೆಯೇ. ಹೆಣ್ಣಿನ ಮನೆಯಲ್ಲಿ ಹಾಡುವ 'ಸುಹಾಗ್' ಬೇರೆ, ಗಂಡಿನ ಮನೆಯಲ್ಲಿ ಹಾಡುವ 'ಘೋಡಿ' ಬೇರೆ. ಹುಡುಗಿಯರು ರಾಟೆಗಳನ್ನು ಇಟ್ಟುಕೊಂಡು ಒಟ್ಟಿಗೆ ನೂಲುವ ಕೂಟಕ್ಕೆ 'ತ್ರಿಂಜಣ'ವೆಂದು ಹೆಸರು. ಪಂಜಾಬಿನ ಎಷ್ಟೋ ಹಾಡುಗಳು ಈ ರಾಟೆಯ ಸದ್ದಿನೊಡನೆಯೇ ತಾಯಿಯಿಂದ ಮಗಳಿಗೆ ಇಳಿದು ಬಂದವು. ಇವುಗಳಿಗೆ ಹಿನ್ನೆಲೆಯಾಗಿ ನಿಂತವು ಹೀರ್-ರಾಂಝಾ, ಸೋಹನಿ-ಮಹಿವಾಲ್, ಮಿರ್ಜಾ-ಸಾಹಿಬಾನ್ ಎಂಬ ಪ್ರೇಮಕಥೆಗಳು. 1766ರಲ್ಲಿ ವಾರಿಸ್ ಶಾಹ್ ಎಂಬ ಸೂಫಿ ಕವಿ ಬರೆದ 'ಹೀರ್' ಕಾವ್ಯವನ್ನು ಅಕ್ಷರ ಬಾರದ ರೈತನೂ ಕೊರಳೆತ್ತಿ ಹಾಡಬಲ್ಲವನಾಗಿದ್ದನು.

ಗೆರೆ ಎಳೆದ ದಿನ

1947ರ ಆಗಸ್ಟ್ 17ರಂದು ರ‍್ಯಾಡ್‌ಕ್ಲಿಫ್ ಎಂಬ ಆಂಗ್ಲ ನ್ಯಾಯವಾದಿ ಎಳೆದ ಗಡಿರೇಖೆಯು ಪ್ರಕಟವಾಯಿತು. ಝೀಲಂ, ಚಿನಾಬ್‌ಗಳ ಬಯಲು ಆಚೆಗೆ ಹೋಯಿತು. ಬಿಯಾಸ್ ಈಚೆಗೆ ಉಳಿಯಿತು. ರಾವಿ, ಸಟ್ಲೆಜ್‌ಗಳು ಕೆಲವೆಡೆ ತಾವೇ ಗಡಿಯಾದವು. ಕೋಟಿಗೂ ಮೀರಿದ ಜನ ನೆಲೆ ತಪ್ಪಿದರು. ಲಕ್ಷಾಂತರ ಜನ ಪ್ರಾಣ ತೆತ್ತರು. ಆ ದುರಂತದ ಮುಂದೆ ಹಾಡು ಕುಣಿತಗಳ ಮಾತೆತ್ತುವುದೂ ಸಲ್ಲದೆನಿಸಬಹುದು. ಆದರೆ ಜನರೊಡನೆ ಅವರ ಹಾಡೂ ನಿರಾಶ್ರಿತವಾಯಿತೆಂಬುದು ಮರೆಯತಕ್ಕ ಸಂಗತಿಯಲ್ಲ.

ಭಾಂಗ್ರಾದ ತವರಾದ ಜಿಲ್ಲೆಗಳಲ್ಲಿ ಗುರುದಾಸಪುರದ ಬಹುಭಾಗವೊಂದನ್ನು ಬಿಟ್ಟು ಉಳಿದವೆಲ್ಲ ಪಾಕಿಸ್ತಾನಕ್ಕೆ ಸೇರಿದವು. ಅಲ್ಲಿ ಕುಣಿಯುತ್ತಿದ್ದ ಸಿಖ್ ಮತ್ತು ಹಿಂದೂ ರೈತರು ಈಚೆಗೆ ಬಂದರು. ಈಚೆಯ ಹಳ್ಳಿಗಳಲ್ಲಿ ತಲೆತಲಾಂತರದಿಂದ ಹಾಡು, ವಾದ್ಯಗಳನ್ನೇ ಕಸುಬಾಗಿಸಿಕೊಂಡಿದ್ದ ಮೀರಾಸಿಗಳು ಮುಸಲ್ಮಾನರು; ಅವರಲ್ಲಿ ಹೆಚ್ಚಿನವರು ಆಚೆಗೆ ಹೋದರು. ಅಮೃತಸರದ ಸ್ವರ್ಣಮಂದಿರದಲ್ಲಿ ಗುರುಗಳ ಕಾಲದಿಂದಲೂ ಕೀರ್ತನೆ ಹಾಡುತ್ತಿದ್ದ ಮುಸಲ್ಮಾನ ರಬಾಬಿಗಳೂ ಲಾಹೋರಿನ ದಾರಿ ಹಿಡಿದರು. ಕುಣಿಯುವವರು ಒಂದು ಕಡೆ, ಬಾರಿಸುವವರು ಇನ್ನೊಂದು ಕಡೆ. ಸಿಯಾಲ್‌ಕೋಟಿನ ಬಯಲಿನಲ್ಲಿ ವೈಶಾಖಿಯ ಹಳೆಯ ವೃತ್ತ ಮತ್ತೆ ಹಾಗೆ ಕೂಡಲಿಲ್ಲ.

ಸುನಾಮಿನ ಸೋದರರು

ಪಟಿಯಾಲಾ ಮೊದಲಾದ ಸಂಸ್ಥಾನಗಳನ್ನು ಕೂಡಿಸಿ 1948ರಲ್ಲಿ ರಚಿಸಿದ 'ಪೆಪ್ಸು' ರಾಜ್ಯದಲ್ಲಿ ಸುನಾಮ್ ಎಂಬುದೊಂದು ಊರು. ಪಶ್ಚಿಮದಿಂದ ವಲಸೆ ಬಂದು ಅಲ್ಲಿ ನೆಲೆಸಿದವರಲ್ಲಿ ಭಾನಾರಾಮ್ ಎಂಬ ಢೋಲುಗಾರನೂ ಒಬ್ಬನು. ಅವನು ಬಾಜೀಗರ ಕುಲದವನು. ಬಾಜೀಗರರೆಂದರೆ ಊರೂರು ತಿರುಗಿ ಕಸರತ್ತು, ದೊಂಬರಾಟಗಳನ್ನು ತೋರಿಸಿ ಹೊಟ್ಟೆ ಹೊರೆಯುವವರು. ಮೀರಾಸಿಗಳು ಹೊರಟುಹೋದ ಮೇಲೆ ಪೂರ್ವ ಪಂಜಾಬಿನಲ್ಲಿ ಢೋಲನ್ನು ಎತ್ತಿಕೊಂಡವರಲ್ಲಿ ಈ ಬಡ ಅಲೆಮಾರಿಗಳೇ ಮುಖ್ಯರು.

ಅದೇ ಸುನಾಮಿನಲ್ಲಿ ಮನೋಹರ್ ದೀಪಕ್ ಮತ್ತು ಅವರ ಸೋದರರಿದ್ದರು. ಅವರಿಗೆ ಕುಣಿತದ ಹುಚ್ಚು. ಭಾನಾರಾಮನಿಗೆ ಕೈಯಲ್ಲಿ ಹಳೆಯ ತಾಳಗಳ ಭಂಡಾರ. ಪಟಿಯಾಲಾದ ಮಹೇಂದ್ರ ಕಾಲೇಜಿನ ತರುಣರೂ ಕೂಡಿಕೊಂಡರು. ಪೆಪ್ಸುವಿನ ರಾಜಪ್ರಮುಖರಾಗಿದ್ದ ಪಟಿಯಾಲಾದ ಮಹಾರಾಜ ಯಾದವೀಂದ್ರಸಿಂಹರ ಪ್ರೋತ್ಸಾಹವೂ ದೊರಕಿತು. ಹಿಂದೆ ಹಳ್ಳಿಯ ವೃತ್ತದಲ್ಲಿ ಮನಬಂದಂತೆ ಬೆಳೆಯುತ್ತಿದ್ದ ಕುಣಿತಕ್ಕೆ ಈಗ ಆರಂಭ, ಏರಿಕೆ, ಮುಕ್ತಾಯಗಳೆಂಬ ಕಟ್ಟು ಬಂದಿತು. ಝೂಮರ್, ಲುಡ್ಡಿ ಮುಂತಾದ ಬೇರೆ ಕುಣಿತಗಳ ಹೆಜ್ಜೆಗಳೂ ಅದರಲ್ಲಿ ಬೆರೆತವು. ಬಣ್ಣದ ಪೇಟ, ಕಸೂತಿಯ ಅಂಗಿ, ಲುಂಗಿಯಂತೆ ಉಡುವ 'ಚಾದರ' - ಇಂದು ನಾವು ಭಾಂಗ್ರಾ ಎಂದೊಡನೆ ಕಣ್ಣ ಮುಂದೆ ತಂದುಕೊಳ್ಳುವ ಚಿತ್ರವು ರೂಪುಗೊಂಡದ್ದು ಹೀಗೆ.

1954ರ ಗಣರಾಜ್ಯೋತ್ಸವದಲ್ಲಿ ಈ ತಂಡ ದಿಲ್ಲಿಯಲ್ಲಿ ಕುಣಿಯಿತು. ಏಳು ವರ್ಷಗಳ ಹಿಂದೆ ನಿರಾಶ್ರಿತರ ಡೇರೆಗಳಿಂದ ತುಂಬಿಹೋಗಿದ್ದ ಅದೇ ದಿಲ್ಲಿ! ಪಂಜಾಬು ಎಂದರೆ ಅಳು, ಬೆಂಕಿ, ರಕ್ತ ಎಂದು ಮಾತ್ರ ಕೇಳಿದ್ದ ಜನರೆದುರಿಗೆ ಪಂಜಾಬು ನಗುತ್ತ ಕುಣಿಯಿತು. ಬಳಿಕ ಚಲನಚಿತ್ರದವರ ಕಣ್ಣು ಇತ್ತ ಬಿದ್ದಿತು. ಬಿ. ಆರ್. ಚೋಪ್ರಾ ಅವರ 'ನಯಾ ದೌರ್' 1957ರಲ್ಲಿ ತೆರೆಕಂಡಾಗ, ಓ. ಪಿ. ನಯ್ಯರ್ ಅವರ ಸಂಗೀತಕ್ಕೆ ಮನೋಹರ್ ದೀಪಕ್ ಮತ್ತು ಸಂಗಡಿಗರು ಹಾಕಿದ ಹೆಜ್ಜೆಯನ್ನು ಭಾರತದ ಊರೂರೂ ನೋಡಿತು. ಹಿಂದಿ ಚಿತ್ರದ ಮೂಲಕವೇ ನಮ್ಮ ಕನ್ನಡ ಜನಕ್ಕೂ ಭಾಂಗ್ರಾದ ಪರಿಚಯವಾದದ್ದು.

ಒಂದು ತಂತಿ, ಒಂದು ಇಕ್ಕಳ

ಇದೇ ಕಾಲದಲ್ಲಿ ಲೂಧಿಯಾನದಲ್ಲಿ ಲಾಲ್‌ಚಂದ್ ಯಮಲಾ ಜಟ್ಟ್ ಎಂಬ ಗಾಯಕರ ಹೆಸರು ಮನೆಮಾತಾಯಿತು. ಅವರ ಹುಟ್ಟೂರು ಲಾಯಲ್‌ಪುರ, ಅಂದರೆ ಈಗಿನ ಫೈಸಲಾಬಾದಿನ ಸೀಮೆಯಲ್ಲಿತ್ತು. ವಿಭಜನೆಯ ಬಳಿಕ ಈಚೆಗೆ ಬಂದವರು. ಪಂಜಾಬಿಯಲ್ಲಿ 'ಯಮಲಾ' ಎಂದರೆ ಹುಚ್ಚ, ಮರುಳ ಎಂದರ್ಥ. ಅವರ ಸಂಪತ್ತೆಲ್ಲ ಒಂದು ಪುಟ್ಟ ಬುರುಡೆ, ಒಂದು ಕೋಲು, ಒಂದೇ ಒಂದು ತಂತಿ. ಆ ವಾದ್ಯಕ್ಕೆ 'ತುಂಬಿ' ಎಂದು ಹೆಸರು. ಕನ್ನಡದಲ್ಲಿ ತುಂಬಿಯೆಂದರೆ ದುಂಬಿ. ಆ ತಂತಿಯ ಝೇಂಕಾರವನ್ನು ಕೇಳಿದವರು ಹೆಸರು ಒಪ್ಪುತ್ತದೆಂದೇ ಹೇಳಿಯಾರು. ತುಂಬಿಗೆ ಪಂಜಾಬಿ ಗಾನದಲ್ಲಿ ಸ್ಥಾನ ದೊರಕಿಸಿದ ಕೀರ್ತಿ ಯಮಲಾ ಅವರದೇ. 1991ರಲ್ಲಿ ಅವರು ತೀರಿಕೊಂಡರು. ಇಂದು ಪಂಜಾಬಿ ಹಾಡಿನ ಗುರುತೇ ಆಗಿರುವ ಆ ಕೀರಲು ತಂತಿಯ ನಾದವು ಮೊದಲು ಮೊಳಗಿದ್ದು ಊರು ಕಳೆದುಕೊಂಡ ಈ ಸರಳ ಮನುಷ್ಯನ ಬೆರಳಿನಲ್ಲಿ.

ಗಡಿಯಾಚೆ ಗುಜ್ರಾತ್ ಜಿಲ್ಲೆಯಲ್ಲಿ ಇನ್ನೊಬ್ಬರಿದ್ದರು - ಆಲಂ ಲೋಹಾರ್. 'ಲೋಹಾರ್' ಎಂದರೆ ಕಮ್ಮಾರ. ಕುಲುಮೆಯಲ್ಲಿ ಕಾದ ಕಬ್ಬಿಣವನ್ನು ಹಿಡಿಯುವ ಇಕ್ಕಳವನ್ನು ಹೋಲುವ ಚಿಮ್ಟಾವೇ ಅವರ ವಾದ್ಯ. ಅದನ್ನು ಝಣಝಣಿಸುತ್ತ ಅವರು ಹಾಡಿದ 'ಜುಗ್ನಿ' ಪಂಜಾಬಿನ ಎರಡು ಹೋಳುಗಳಲ್ಲಿಯೂ ಜನಜನಿತವಾಯಿತು. 1979ರಲ್ಲಿ ರಸ್ತೆ ಅಪಘಾತದಲ್ಲಿ ಅವರು ಅಸುನೀಗಿದರು. ಮಗ ಆರಿಫ್ ಲೋಹಾರ್ ತಂದೆಯ ಚಿಮ್ಟಾವನ್ನು ಕೈಗೆತ್ತಿಕೊಂಡರು. ಒಬ್ಬರು ಗಡಿಯ ಈಚೆ, ಒಬ್ಬರು ಆಚೆ. ಆದರೆ ರೇಡಿಯೋ ಅಲೆಗೆ ಕಾವಲುಗಾರನಿಲ್ಲ. ಲಾಹೋರಿನ ಹಾಡನ್ನು ಅಮೃತಸರವೂ, ಜಲಂಧರದ ಹಾಡನ್ನು ಲಾಹೋರೂ ರಾತ್ರಿಯ ಹೊತ್ತು ಕಿವಿಗೊಟ್ಟು ಕೇಳಿದವು.

ಲಾಹೋರಿನ ಹುಡುಗಿ

ಪಂಜಾಬಿನ ಕೋಗಿಲೆಯೆಂದು ಹೆಸರಾದ ಸುರಿಂದರ್ ಕೌರ್ ಹುಟ್ಟಿದ್ದು 1929ರಲ್ಲಿ, ಲಾಹೋರಿನಲ್ಲಿ. ಅಕ್ಕ ಪ್ರಕಾಶ್ ಕೌರ್ ಕೂಡ ಗಾಯಕಿಯೇ. 1943ರ ಆಗಸ್ಟಿನಲ್ಲಿ ಸುರಿಂದರ್ ಲಾಹೋರ್ ರೇಡಿಯೋದಲ್ಲಿ ಮೊದಲ ಬಾರಿಗೆ ಹಾಡಿದಾಗ ಅವರಿಗೆ ಹದಿನಾಲ್ಕು ತುಂಬಿರಲಿಲ್ಲ. ಅದೇ ತಿಂಗಳ ಕೊನೆಯಲ್ಲಿ ಅಕ್ಕತಂಗಿಯರ ಜೋಡಿಹಾಡೊಂದು ಗ್ರಾಮಾಫೋನ್ ತಟ್ಟೆಯಾಗಿ ಅಚ್ಚಾಯಿತು. ಅದು ತಾಯಿ ಮಗಳು ಕೂಡಿ ಕುಳಿತು ಮನಸ್ಸು ಬಿಚ್ಚುವ ಹಾಡು. ಹೆಂಗಸರು ಮನೆಯಂಗಳದಲ್ಲಿ ಮಾತ್ರ ಹಾಡಬಹುದೆಂಬ ಕಟ್ಟುಪಾಡಿನ ದಿನಗಳವು.

ನಾಲ್ಕು ವರ್ಷಗಳಲ್ಲಿ ಲಾಹೋರು ಪರದೇಶವಾಯಿತು. ಕುಟುಂಬವು ದಿಲ್ಲಿಯ ಕಡೆಗೆ ಬಂದಿತು. ಸುರಿಂದರ್ ಮುಂಬಯಿಗೆ ಹೋಗಿ ಹಿನ್ನೆಲೆ ಗಾಯಕಿಯಾದರು. 1948ರ 'ಶಹೀದ್' ಚಿತ್ರದಲ್ಲಿ ಹಾಡಿ ಮೆಚ್ಚುಗೆ ಪಡೆದರು. ಆ ದಾರಿಯಲ್ಲಿಯೇ ಮುಂದುವರಿದಿದ್ದರೆ ಹಣ, ಹೆಸರು ಎರಡೂ ಬರುತ್ತಿದ್ದವೇನೋ. ಆದರೆ 1952ರಲ್ಲಿ ಅವರು ದಿಲ್ಲಿಗೆ ಮರಳಿದರು. ತಮ್ಮ ಭಾಷೆಯ ಹಾಡಿಗೇ ಬಾಳನ್ನು ಮುಡಿಪಿಟ್ಟರು. ಪತಿ ಪ್ರೊಫೆಸರ್ ಜೋಗಿಂದರ್ ಸಿಂಗ್ ಸೋಧಿ ಬೆನ್ನಿಗೆ ನಿಂತರು. ಅಮೃತಾ ಪ್ರೀತಮ್, ಶಿವಕುಮಾರ್ ಬಟಾಲ್ವಿ ಮೊದಲಾದ ಕವಿಗಳ ರಚನೆಗಳೂ, ಸೀಮೆಯಾಚೆ ಉಳಿದ ಹಳ್ಳಿಗಳ ಅಜ್ಞಾತ ಹೆಂಗಸರ ಹಾಡುಗಳೂ ಅವರ ಕಂಠದಲ್ಲಿ ಒಂದೇ ಗೌರವದಿಂದ ನೆಲೆಸಿದವು. ಆಸಾಸಿಂಗ್ ಮಸ್ತಾನಾ ಅವರೊಡನೆ ಹಾಡಿದ ಜೋಡಿಹಾಡುಗಳು ಇಂದಿಗೂ ಮದುವೆಮನೆಗಳಲ್ಲಿ ಕೇಳಿಬರುತ್ತವೆ. 2006ರಲ್ಲಿ ಪದ್ಮಶ್ರೀ ಬಂದಿತು; ಅದೇ ವರ್ಷ ಜೂನ್‌ನಲ್ಲಿ ದೂರದ ಅಮೆರಿಕೆಯ ನ್ಯೂಜರ್ಸಿಯಲ್ಲಿ ಅವರು ಕಣ್ಮುಚ್ಚಿದರು. ಮಗಳು ಡಾಲಿ ಗುಲೇರಿಯಾ ತಾಯಿಯ ಹಾಡನ್ನು ಮುಂದುವರಿಸಿದರು.

ಸುರಿಂದರ್ ಕೌರ್ ಅವರ ಕಂಠದಿಂದ ಮನೆಮನೆ ಸೇರಿದ ಹಾಡುಗಳಲ್ಲಿ ನಂದಲಾಲ್ ನೂರ್‌ಪುರಿಯವರ ರಚನೆಗಳೂ ಉಂಟು. ಅವರೂ ಲಾಯಲ್‌ಪುರದ ಕಡೆಯವರು. ವಿಭಜನೆಯ ನಂತರ ಜಲಂಧರದಲ್ಲಿ ನೆಲೆಸಿದರು. ಅವರ ಹಾಡುಗಳಿಗೆ ಇಡೀ ಪಂಜಾಬು ಕುಣಿಯಿತು; ಅವರ ಮನೆಯಲ್ಲಿ ಮಾತ್ರ ಒಲೆ ಉರಿಯುವುದು ಕಷ್ಟವಾಯಿತು. 1966ರ ಮೇ ತಿಂಗಳಿನಲ್ಲಿ ಅವರು ಬಾವಿಗೆ ಹಾರಿ ಪ್ರಾಣ ಕಳೆದುಕೊಂಡರು. ಹಾಡನ್ನು ಮೆಚ್ಚುವ ನಾಡು ಹಾಡುಕಟ್ಟಿದವನ ಹಸಿವನ್ನು ಕೇಳದೆ ಹೋದ ಉದಾಹರಣೆ ಪಂಜಾಬಿನಲ್ಲಿ ಮಾತ್ರವೇ ಉಂಟೆಂದು ನಾವು ಎದೆ ತಟ್ಟಿ ಹೇಳಲಾರೆವು.

ಗುಂಡಿನ ಸದ್ದಿನ ನಡುವೆ

ಮುಂದಿನ ತಲೆಮಾರಿಗೂ ನೆಮ್ಮದಿಯಿರಲಿಲ್ಲ. 1980ರ ದಶಕದಲ್ಲಿ ಪಂಜಾಬು ಮತ್ತೆ ರಕ್ತ ಕಂಡಿತು. ಆಗ ಹಳ್ಳಿಹಳ್ಳಿಯ ಅಖಾಡಗಳಲ್ಲಿ ಜನರನ್ನು ಹುಚ್ಚೆಬ್ಬಿಸಿದ ಗಾಯಕ ಅಮರ್‌ಸಿಂಗ್ ಚಮ್ಕೀಲಾ. ಲೂಧಿಯಾನದ ಬಳಿಯ ದುಗ್ರಿಯ ದಲಿತ ಕುಟುಂಬದಲ್ಲಿ 1960ರಲ್ಲಿ ಹುಟ್ಟಿದ ಈತ ಗಿರಣಿಯ ಕೂಲಿಯಾಗಿದ್ದವನು. ತಾನೇ ಹಾಡು ಕಟ್ಟಿ, ತುಂಬಿ ಮೀಟುತ್ತ, ಪತ್ನಿ ಅಮರ್‌ಜೋತ್‌ಳೊಡನೆ ಹಾಡುತ್ತಿದ್ದನು. ಅವನ ಹಾಡುಗಳಲ್ಲಿ ಅಶ್ಲೀಲತೆ ಇದೆಯೆಂದು ಆಕ್ಷೇಪಿಸಿದವರು ಬಹುಮಂದಿ. ಆ ಆಕ್ಷೇಪ ನಿರಾಧಾರವಾದದ್ದೂ ಅಲ್ಲ. ಆದರೂ ಕೇಳುವವರ ಸಂಖ್ಯೆ ಕುಗ್ಗಲಿಲ್ಲ. 1988ರ ಮಾರ್ಚ್ 8ರಂದು ಮೆಹ್‌ಸಂಪುರ ಎಂಬ ಹಳ್ಳಿಗೆ ಹಾಡಲು ಬಂದು ಕಾರಿನಿಂದ ಇಳಿಯುತ್ತಿದ್ದಂತೆ ಚಮ್ಕೀಲಾ, ಅಮರ್‌ಜೋತ್ ಮತ್ತು ಇಬ್ಬರು ಸಂಗಡಿಗರು ಗುಂಡಿಗೆ ಬಲಿಯಾದರು. ಕೊಂದವರಿಗೆ ಶಿಕ್ಷೆಯಾಗಲಿಲ್ಲ. ಆಗ ಅವನಿಗೆ ಇಪ್ಪತ್ತೆಂಟೂ ತುಂಬಿರಲಿಲ್ಲ.

ಅದೇ ದಶಕದಲ್ಲಿ ಹಳೆಯ ವೀರಕಥೆಗಳನ್ನೂ ಪ್ರೇಮಕಥೆಗಳನ್ನೂ ತಾರಸ್ವರದಲ್ಲಿ ಹಾಡಿ ಮೆರೆದವರು ಕುಲದೀಪ್ ಮಾಣಕ್. ಬಠಿಂಡಾ ಜಿಲ್ಲೆಯ ಜಲಾಲ್ ಗ್ರಾಮದಲ್ಲಿ ಹುಟ್ಟಿದ ಅವರ ಮೊದಲ ಹೆಸರು ಲತೀಫ್ ಮುಹಮ್ಮದ್. ಈಚೆಗೆ ಉಳಿದುಕೊಂಡ ಕೆಲವೇ ಮುಸಲ್ಮಾನ ಗಾಯಕ ಮನೆತನಗಳಲ್ಲಿ ಅವರದೂ ಒಂದು. 2011ರಲ್ಲಿ ಅವರು ತೀರಿಕೊಳ್ಳುವವರೆಗೂ ಪಂಜಾಬಿನ ಜನ ಅವರ ದನಿಯನ್ನು ತಮ್ಮದೇ ದನಿಯೆಂದು ಭಾವಿಸಿದರು.

ಕಡಲಾಚೆಯ ವೃತ್ತ

ಎರಡನೆಯ ಮಹಾಯುದ್ಧದ ಬಳಿಕ ಇಂಗ್ಲೆಂಡಿನ ಎರಕದ ಕಾರ್ಖಾನೆಗಳಿಗೆ ಕೂಲಿಗಳು ಬೇಕಾಗಿದ್ದರು. ಜಲಂಧರ, ಹೋಶಿಯಾರ್‌ಪುರಗಳ ಕಡೆಯ ಸಾವಿರಾರು ಮಂದಿ ಹಡಗು ಹತ್ತಿದರು. ಬರ್ಮಿಂಗ್‌ಹ್ಯಾಮಿನ ಸುತ್ತಮುತ್ತಲೂ ಲಂಡನ್ನಿನ ಸೌತಾಲಿನಲ್ಲಿಯೂ ಹೊಸ ಪಂಜಾಬು ಬೆಳೆಯಿತು. ವಾರವೆಲ್ಲ ಕುಲುಮೆಯ ಮುಂದೆ ದುಡಿದವರು ಭಾನುವಾರ ಢೋಲಕವನ್ನು ಹೊರತೆಗೆದರು. 1967ರಲ್ಲಿ ಬರ್ಮಿಂಗ್‌ಹ್ಯಾಮಿನ ಬಳಿ 'ಭುಜಂಗಿ' ತಂಡವೂ, 1977ರಲ್ಲಿ ಸೌತಾಲಿನಲ್ಲಿ ಚನ್ನಿ ಸಿಂಗರ 'ಆಲಾಪ್' ತಂಡವೂ ಹುಟ್ಟಿಕೊಂಡವು. ಢೋಲಿನ ಜೊತೆಗೆ ಗಿಟಾರು, ವಿದ್ಯುತ್ ವಾದ್ಯಗಳು ಸೇರಿದವು.

ಅಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಶಾಲೆಯಲ್ಲಿ ಬಿಳಿಯರ ಹೀಯಾಳಿಕೆ, ಮನೆಯಲ್ಲಿ ಹಿರಿಯರ ಕಟ್ಟುನಿಟ್ಟು. ರಾತ್ರಿಯ ಕೂಟಗಳಿಗೆ ಹೋಗಲು ಹುಡುಗಿಯರಿಗೆ ಅಪ್ಪಣೆ ಇಲ್ಲ. ಹೀಗಾಗಿ 1980ರ ದಶಕದಲ್ಲಿ ಹಾಡುಹಗಲಿನಲ್ಲೇ ಭಾಂಗ್ರಾ ಕೂಟಗಳು ನಡೆದವು. ಶಾಲೆಯ ಚೀಲದಲ್ಲಿ ಬೇರೆ ಉಡುಪನ್ನು ಬಚ್ಚಿಟ್ಟುಕೊಂಡು ಬಂದು, ಕುಣಿದು, ಸಂಜೆಗೆ ಏನೂ ಅರಿಯದವರಂತೆ ಮನೆ ಸೇರಿದವರು ಅದೆಷ್ಟೋ ಮಂದಿ! ತಾವು ಯಾರೆಂಬ ಪ್ರಶ್ನೆಗೆ ಆ ಮಕ್ಕಳು ಕಂಡುಕೊಂಡ ಉತ್ತರಗಳಲ್ಲಿ ಈ ತಾಳವೂ ಒಂದು. ಆ ಬೆಳಸಿನ ಫಲವಾಗಿ ಕಾವೆಂಟ್ರಿಯ 'ಪಂಜಾಬಿ ಎಂ.ಸಿ.' ಎಂಬ ತರುಣ 1998ರಲ್ಲಿ ಹೊರತಂದ 'ಮುಂಡಿಯಾ ತೋ ಬಚ್ ಕೇ' 2003ರ ಆರಂಭದಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 5ನೆಯ ಸ್ಥಾನಕ್ಕೆ ಏರಿತು. ಹಾಡನ್ನು ಜಗತ್ತೇ ಕೇಳಿತು. ಅದನ್ನು ಹಾಡಿದ ಲಾಭ್ ಜಂಜುವಾ ಅವರ ಹೆಸರನ್ನು ಬಲ್ಲವರು ಮಾತ್ರ ಕೆಲವರೇ. 2015ರಲ್ಲಿ ಅವರು ಮುಂಬಯಿಯಲ್ಲಿ ನಿಧನರಾದರು.

ನಡುವೆ ನಿಂತವನು

ಭಾಂಗ್ರಾದ ಈ ದೀರ್ಘ ಯಾತ್ರೆಯನ್ನು ನೋಡಿದಾಗ ಒಂದು ಮಾತು ಮನಸ್ಸಿಗೆ ನಾಟುತ್ತದೆ. ಇದನ್ನು ಕಾಪಾಡಿದವರಲ್ಲಿ ಬಹುಪಾಲು ಮಂದಿ ಬಡವರು, ಊರು ಕಳೆದುಕೊಂಡವರು, ಸಮಾಜದ ಅಂಚಿನಲ್ಲಿದ್ದವರು. ಲಾಹೋರಿನ ಶಾಹ್ ಜಮಾಲ್ ದರ್ಗಾದಲ್ಲಿ ಗುರುವಾರದ ರಾತ್ರಿಗಳಂದು ಢೋಲು ಬಾರಿಸಿ ವಿದೇಶಗಳಲ್ಲಿಯೂ ಹೆಸರಾಗಿ 2021ರಲ್ಲಿ ಮಡಿದ ಪಪ್ಪು ಸಾಯಿ ಇರಲಿ, ಸುನಾಮಿನ ಭಾನಾರಾಮ್ ಇರಲಿ, ಅವರ ಕೈಯ ತಾಳ ಜನರ ಕಾಲಿಗೆ ಇಳಿದಷ್ಟು ಸುಲಭವಾಗಿ ಅವರ ಹೆಸರು ಜನರ ನೆನಪಿಗೆ ಇಳಿಯಲಿಲ್ಲ. ಪದಕಗಳು ಕುಣಿದವರಿಗೆ ಬಂದವು. ಬಾರಿಸಿದವನು ಬಹಳ ಕಾಲ ಕೂಲಿಯವನಾಗಿಯೇ ಉಳಿದನು.

ಆದರೂ ಢೋಲುಗಾರನ ಜಾಗವನ್ನು ಯಾರೂ ಕಿತ್ತುಕೊಳ್ಳಲಾರದೆ ಹೋದರು. ಹಳ್ಳಿಯ ಹಳೆಯ ವೃತ್ತದಲ್ಲಿ ಅವನು ನಡುವೆ ನಿಂತಿದ್ದನು. ಸುತ್ತಲಿನವರು ಆಚೆಗೋ ಈಚೆಗೋ ಚೆದುರಿಹೋದಾಗಲೂ, ಹೊಸ ಊರಿನಲ್ಲಿ ಢೋಲನ್ನು ಕೊರಳಿಗೆ ಹಾಕಿಕೊಂಡು ಅವನು ಮತ್ತೆ ನಡುವೆ ನಿಂತನು. ವೃತ್ತವು ತಾನಾಗಿಯೇ ಅವನ ಸುತ್ತ ಕೂಡಿಕೊಂಡಿತು.

ಇನ್ನು ಮುಂದೆ ನಮ್ಮ ಬೀದಿಯ ಮೆರವಣಿಗೆಯಲ್ಲಿ ಆ ತಾಳ ಕೇಳಿಬಂದಾಗ ನಾವೂ ಮನಸಾರೆ ಕುಣಿಯೋಣ. ಕುಣಿತ ಮುಗಿದ ಮೇಲೆ, ಬೆವರೊರೆಸಿಕೊಳ್ಳುತ್ತ ಪಕ್ಕದಲ್ಲಿ ನಿಂತ ಢೋಲುಗಾರನ ಬಳಿಗೆ ಹೋಗಿ, 'ನಿಮ್ಮ ಹೆಸರೇನು?' ಎಂದು ಒಂದು ಮಾತು ಕೇಳೋಣ.